ನಾಲ್ಕು ಮೂಳೆ ನೋಡಿ ‘ಇದು ಅಳಿದುಹೋದ ಬೇರೆಯದೇ ಬೆಳವ’ ಅಂತ ಹೇಗೆ ಹೇಳ್ತಾರೆ?

ಗುಹೆಯಲ್ಲಿ ಸಿಕ್ಕ ಚೂರುಪಾರು ಮೂಳೆಗೆ ಹೊಸ ಪ್ರಭೇದದ ಹೆಸರಿಡೋದು ಅತಿಯಲ್ಲವೇ ಅಂತ ಕೇಳಿದ್ದೀರಿ. ಎಷ್ಟೋ ಸಲ ಅತಿಯೇ. ಯಾವಾಗ ಅಲ್ಲ ಅನ್ನೋದಕ್ಕೆ ರೋಡ್ರಿಗಸ್ ದ್ವೀಪದ ಅಳಿದುಹೋದ ಬೆಳವ, ವೈಜ್ಞಾನಿಕ ಹೆಸರಲ್ಲಿ ನೆಸೋನಾಸ್ ರೋಡರಿಕಾನಸ್, ಒಳ್ಳೆಯ ಉದಾಹರಣೆ.

ರೋಡ್ರಿಗಸ್ ಮಾರಿಷಸ್‌ಗೆ ಸೇರಿದ ಪುಟ್ಟ ದ್ವೀಪ. ಈ ಬೆಳವಕ್ಕೆ 1870ರ ದಶಕದಲ್ಲಿ ಫ್ರಾನ್ಸಿನ ಪ್ರಾಣಿವಿಜ್ಞಾನಿ ಅಲ್ಫೋನ್ಸ್ ಮಿಲ್ನ್-ಎಡ್ವರ್ಡ್ಸ್ ಹೆಸರಿಟ್ಟದ್ದು ಎದೆಮೂಳೆಯೊಂದನ್ನು ನೋಡಿ. ದ್ವೀಪದ ಬಹುಭಾಗ ಬಸಾಲ್ಟ್ ಕಲ್ಲು. ಅಂಥ ಕಡೆಯ ಹುಳಿಮಣ್ಣು ಮೂಳೆಯನ್ನು ಕರಗಿಸಿಬಿಡುತ್ತದೆ. ಮುಖ್ಯವಾಗಿ ನೈಋತ್ಯ ಮೂಲೆಯ ಪ್ಲೇನ್ ಕೋರೈಲ್‌ ಬಯಲಲ್ಲಿ ಸುಣ್ಣದ ಮರಳುಗಲ್ಲು, ಅದರಲ್ಲಿ ಗುಹೆಗಳು. ಹಾಗಾಗಿ ಮಿಕ್ಕ ಕಡೆ ಮೂಳೆ ಸಿಗಲಿಲ್ಲ ಅಂದರೆ ಅಲ್ಲಿ ಹಕ್ಕಿ ಇರಲಿಲ್ಲ ಅಂತಲ್ಲ. ಇನ್ನೊಂದು ಮಾತು: ಇವು ಕಲ್ಲಾದ ಮೂಳೆಗಳಲ್ಲ, ಕೆಲವು ನೂರು ಅಥವಾ ಸಾವಿರ ವರ್ಷದ ನಿಜವಾದ ಮೂಳೆಗಳೇ.

ಮೊದಲು ಪಾರಿವಾಳದ ಕುಟುಂಬವೇ ಹೌದಾ ಅಂತ ನೋಡಬೇಕು. ರೆಕ್ಕೆಯ ಮೇಲ್ದೋಳಿನ ಮೂಳೆ ಕೈಗೆ ಸಿಕ್ಕರೆ ಕೆಲಸ ಹಗುರ. ಪಾರಿವಾಳಗಳಲ್ಲಿ ಅದು ಗಿಡ್ಡ, ದಪ್ಪ. ಹೆಗಲಿನ ತುದಿಯ ಹತ್ತಿರ ತ್ರಿಕೋನದ ಹಾಗೆ ಚಾಚಿಕೊಂಡ ಏಣು ಇರುತ್ತದೆ, ಹಾರುವ ಸ್ನಾಯು ಅಂಟುವ ಜಾಗ ಅದು. ಎದೆಮೂಳೆಯ ನಡುವಿನ ಏಣು ಆಳವಾಗಿದ್ದರೆ ಹಕ್ಕಿ ಚೆನ್ನಾಗಿ ಹಾರುತ್ತಿತ್ತು, ತಗ್ಗಿದ್ದರೆ ಹಾರಾಟ ಬಿಡುತ್ತಾ ಬಂದಿತ್ತು.

ಆಮೇಲೆ ಹೋಲಿಕೆ. ಬಹಳ ಜನ ಎಡವೋದು ಇಲ್ಲೇ. ಮಡಗಾಸ್ಕರ್ ಬೆಳವ, ಮಾರಿಷಸ್‌ನ ಗುಲಾಬಿ ಪಾರಿವಾಳ, ಇಂಥ ಹತ್ತಿರದ ನೆಂಟರ ಅಸ್ಥಿಪಂಜರಗಳು ಗಂಡು-ಹೆಣ್ಣು ಎರಡರದ್ದೂ, ಒಂದೊಂದರದ್ದೂ ಹಲವು, ಪಕ್ಕದಲ್ಲಿರಬೇಕು. ಸಾಮಾನ್ಯವಾಗಿ ಹೆಣ್ಣು ತುಸು ಚಿಕ್ಕದು. ಅಳತೆಯೊಂದನ್ನೇ ನಂಬಿದರೆ ಒಂದೇ ಹಕ್ಕಿ ಎರಡು ಪ್ರಭೇದವಾಗಿಬಿಡುತ್ತದೆ. ಮರಿಯ ಮೂಳೆಯ ತುದಿ ರಸ್ಕಿನ ಹಾಗೆ ತೂತುತೂತು, ಅದನ್ನು ಅಳತೆಗೆ ತೆಗೆದುಕೊಳ್ಳಬೇಡಿ. ಆಕಾರದ ವ್ಯತ್ಯಾಸಕ್ಕೆ, ಅಂದರೆ ಸ್ನಾಯು ಅಂಟುವ ಗುರುತು, ಕೀಲಿನ ಕೋನ, ರಂಧ್ರಗಳ ಜಾಗ ಇವಕ್ಕೆ, ಉದ್ದಗಲಕ್ಕಿಂತ ಹೆಚ್ಚು ಬೆಲೆ. ಜನ ತಂದು ಬಿಟ್ಟ ಹಕ್ಕಿಗಳನ್ನೂ ಮರೆಯಬಾರದು. ಸಾಕುಪಾರಿವಾಳದ ಮೂಳೆಗೆ ಹೊಸ ಹೆಸರಿಟ್ಟರೆ ನಗೆಪಾಟಲು.

ಅಗೆಯುವಾಗ ಪದರ ಪದರವಾಗಿ ತೆಗೆದು, ಪ್ರತಿ ಚೀಲದ ಮೇಲೂ ಜಾಗ ಮತ್ತು ಆಳ ಬರೆಯಬೇಕು. ಜರಡಿಯ ಕಣ್ಣು 1 ಮಿ.ಮೀ. ಇರಲಿ, 5 ಮಿ.ಮೀ. ಜರಡಿಯಲ್ಲಿ ದೊಡ್ಡ ಹಕ್ಕಿಯ ಮೂಳೆ ನಿಲ್ಲುತ್ತದೆ, ಬೆಳವದ ಸಣ್ಣ ಮೂಳೆಗಳು ಮಣ್ಣಿನ ರಾಶಿಗೆ ಹೋಗುತ್ತವೆ. ಒದ್ದೆ ಮೂಳೆಯನ್ನು ಬಿಸಿಲಿಗಿಟ್ಟರೆ ಸೀಳುತ್ತದೆ, ನೆರಳಲ್ಲಿ ನಿಧಾನವಾಗಿ ಆರಬೇಕು. ಪುಡಿಯಾಗುವಂತಿದ್ದರೆ ಅಸಿಟೋನ್‌ನಲ್ಲಿ ಸುಮಾರು 5% ಪ್ಯಾರಾಲಾಯ್ಡ್ ಬಿ-72 ಅನ್ನೋ ಅಂಟು ಕರಗಿಸಿ ಹಚ್ಚುತ್ತಾರೆ. ಆದರೆ ಡಿಎನ್‌ಎ ಮತ್ತು ಕಾಲನಿರ್ಣಯಕ್ಕೆ ಬೇಕಾದ ಚೂರನ್ನು ಅದಕ್ಕೆ ಮೊದಲೇ ಎತ್ತಿಡಿ. ಇಲಿಗಳು ದ್ವೀಪಕ್ಕೆ ಬಂದದ್ದು ಹಡಗುಗಳ ಜೊತೆ, ಹಾಗಾಗಿ ಅದೇ ಪದರದಲ್ಲಿ ಇಲಿಯ ಮೂಳೆ ಇದ್ದರೆ ಒಂದೋ ಆ ಪದರ ಹಡಗುಗಳು ಬಂದ ಮೇಲಿನದು, ಇಲ್ಲವೇ ಮೇಲಿನ ಮಣ್ಣು ಕೆಳಗೆ ಬೆರೆತಿದೆ.

ಮೂಳೆಯ ವಯಸ್ಸು ಅಳೆಯುವ ರೇಡಿಯೊಕಾರ್ಬನ್ ವಿಧಾನದ ಮೇಲೆ ಜನಕ್ಕೆ ವಿಪರೀತ ನಂಬಿಕೆ. ಅದಕ್ಕೆ ಬೇಕಾದ್ದು ಕೊಲಾಜೆನ್ ಅನ್ನೋ ಪ್ರೋಟೀನ್, ಬಿಸಿನಾಡಿನ ಮೂಳೆಯಲ್ಲಿ ಅದು ಬೇಗ ಹಾಳಾಗುತ್ತದೆ; ತೂಕದ 1%ಗಿಂತ ಕಡಿಮೆ ಸಿಕ್ಕರೆ ಫಲಿತಾಂಶವನ್ನು ಅನುಮಾನದಿಂದಲೇ ನೋಡಬೇಕು. ಅದಕ್ಕಿಂತ ದೊಡ್ಡ ತೊಡಕು, ಸುಮಾರು 1650ರಿಂದ 1950ರವರೆಗಿನ ಅವಧಿಯಲ್ಲಿ ಅಳತೆಯನ್ನು ನಿಜವಾದ ಇಸವಿಗೆ ಬದಲಿಸುವ ಹೊಂದಾಣಿಕೆಯ ರೇಖೆ ಏರಿಳಿಯುತ್ತದೆ. ಒಂದೇ ಮೂಳೆಗೆ ಎರಡು ಮೂರು ಶತಮಾನ ಹೊಂದುತ್ತವೆ. ಹಕ್ಕಿ ಅಳಿದದ್ದು ಸರಿಯಾಗಿ ಆ ಕಾಲದಲ್ಲೇ!

ಅಲ್ಲಿ ಕೈಹಿಡಿಯೋದು ಬರಹ. 1691ರಲ್ಲಿ ದ್ವೀಪಕ್ಕೆ ಬಂದು ಎರಡು ವರ್ಷ ಇದ್ದ ಫ್ರೆಂಚ್ ಪ್ರವಾಸಿ ಫ್ರಾನ್ಸ್ವಾ ಲೆಗ್ವಾ, ಬೂದುನೀಲಿ ಪಾರಿವಾಳಗಳು ಐವತ್ತರಷ್ಟು ಊಟದ ಮೇಜಿನ ಸುತ್ತ ಸೇರಿ ಕರಬೂಜದ ಬೀಜ ಹೆಕ್ಕುತ್ತಿದ್ದವು ಅಂತ ಬರೆದಿದ್ದಾನೆ. ಗೂಡು ಮಾತ್ರ ಸುತ್ತಲಿನ ಕಿರುದ್ವೀಪಗಳಲ್ಲಿ, ಬಹುಶಃ ಇಲಿಗಳ ಕಾಟಕ್ಕೆ ಅಂದಿದ್ದಾನೆ. ಮುಖ್ಯ ದ್ವೀಪದ ಗುಹೆಗಳಲ್ಲಿ ಇದರ ಮೂಳೆ ಕಡಿಮೆ ಇರೋದಕ್ಕೆ ಇದೂ ಒಂದು ಕಾರಣ ಇರಬಹುದು ಅನ್ನೋದು ನನ್ನ ಊಹೆ.

ಡಿಎನ್‌ಎ ಸಿಕ್ಕರೆ ಅದೃಷ್ಟ. ಹಾರಲಾರದೆ ಅಳಿದುಹೋದ ಡೋಡೋ ಮತ್ತು ರೋಡ್ರಿಗಸ್‌ನ ಸಾಲಿಟೇರ್ ಹಕ್ಕಿ ಎರಡಕ್ಕೂ ಬದುಕಿರುವವುಗಳಲ್ಲಿ ಹತ್ತಿರದ ನೆಂಟ ನಮ್ಮ ನಿಕೋಬಾರ್ ಪಾರಿವಾಳ ಅಂತ 2002ರಲ್ಲಿ ತೋರಿಸಿದ್ದು ಹಾಗೆಯೇ.

ಇಷ್ಟೆಲ್ಲ ಹೇಳಿದ ಮೇಲೂ, ಒಂದೇ ಮೂಳೆ ಸಾಕಾಗೋದೂ ಉಂಟು. 2011ರಲ್ಲಿ ಅಳಿದ ಹಕ್ಕಿಗಳ ತಜ್ಞ ಜೂಲಿಯನ್ ಹ್ಯೂಮ್ ಇದೇ ದ್ವೀಪದ, ಈ ಬೆಳವವಲ್ಲದ ಬೇರೆ ನೀಲಿ ಪಾರಿವಾಳವೊಂದಕ್ಕೆ ಹೆಸರಿಟ್ಟದ್ದು ಕಾಲ್ಬೆರಳುಗಳಿಗೆ ಸ್ವಲ್ಪ ಮೇಲಿರುವ ಒಂದೇ ಕಾಲುಮೂಳೆಯಿಂದ. ನೆಲದ ಮೇಲೆ ನಡೆದು ಕಾಳು ಹೆಕ್ಕುವ ಬೆಳವಕ್ಕೆ ಆ ಮೂಳೆ ಉದ್ದ, ಸಪೂರ. ಕೊಂಬೆ ಹಿಡಿದು ಹಣ್ಣು ತಿನ್ನುವ ಪಾರಿವಾಳಕ್ಕೆ ಗಿಡ್ಡ, ಅಗಲ. ಎರಡನ್ನೂ ಅಂಗೈಯಲ್ಲಿ ಪಕ್ಕಪಕ್ಕ ಇಟ್ಟರೆ ಅಳತೆಯ ಕ್ಯಾಲಿಪರ್ ಇಲ್ಲದೆಯೂ ಗೊತ್ತಾಗುತ್ತದೆ.