‘ಒಟ್ಟು ಎಷ್ಟು ಪರ್ಸೆಂಟ್ ಹಾಳಾಗಿದೆ ಡಾಕ್ಟ್ರೇ?’

ಪ್ರಶ್ನೆ: ನನ್ನ ಹೆಂಡತಿಗೆ 38 ವರ್ಷ, ಪ್ರೈಮರಿ ಶಾಲೆ ಟೀಚರ್. 9 ವರ್ಷದಿಂದ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್, ದೇಹದ ರಕ್ಷಣಾ ವ್ಯವಸ್ಥೆಯೇ ಮೆದುಳು, ಬೆನ್ನುಹುರಿಯ ನರಗಳಿಗೆ ಹಾನಿ ಮಾಡುವ ಕಾಯಿಲೆ) ಇದೆ. ಔಷಧಿ ಒಂದು ದಿನವೂ ತಪ್ಪಿಸಿಲ್ಲ. ಕಳೆದ ಎರಡು ಎಂಆರ್‌ಐನಲ್ಲೂ ‘ಹೊಸ ಲೀಶನ್ ಇಲ್ಲ’ ಎಂದೇ ಬಂದಿದೆ. ಆದರೂ ನಡಿಗೆ ನಿಧಾನವಾಗುತ್ತಿದೆ, ಮಧ್ಯಾಹ್ನಕ್ಕೇ ಸುಸ್ತು, ಮಕ್ಕಳ ಮಾರ್ಕ್ಸ್ ಕೂಡುವಾಗ ತಪ್ಪುತ್ತಾಳೆ. ‘ಸ್ಕ್ಯಾನ್ ಚೆನ್ನಾಗಿದೆಯಂತಲ್ಲ, ಮತ್ತೆ ಇದೇನು?’ ಎಂದು ಮನೆಯಲ್ಲಿ ಮಾತು ಬರುತ್ತಿದೆ. ಈ ಸಲ ಬೇರೆ ಸೆಂಟರ್‌ನಲ್ಲಿ ಮಾಡಿಸಿದೆವು. ಮೆದುಳು ಸ್ವಲ್ಪ ಕುಗ್ಗಿದೆ ಎಂದು ಬರೆದಿದ್ದಾರೆ. ಒಟ್ಟು ಎಷ್ಟು ಪರ್ಸೆಂಟ್ ಹಾಳಾಗಿದೆ ಡಾಕ್ಟ್ರೇ?
— ಹೆಸರು ಬೇಡ, ಸಕಲೇಶಪುರ

ಉತ್ತರ: ಮೊದಲು ಮನೆಯವರಿಗೆ ಒಂದು ಮಾತು. ಟೀಚರಮ್ಮ ಸೋಗು ಹಾಕುತ್ತಿಲ್ಲ. ‘ಹೊಸ ಲೀಶನ್ ಇಲ್ಲ’ ಅಂದರೆ ಹಿಂದಿನ ಸ್ಕ್ಯಾನ್ ಆದ ಮೇಲೆ ಹೊಸ ಗಾಯ ಕಾಣಲಿಲ್ಲ ಅಂತ ಅಷ್ಟೇ. ಔಷಧಿ ಕೆಲಸ ಮಾಡುತ್ತಿದೆ, ಸಂತೋಷ. ಹಳೆಯ ಗಾಯಗಳು ಏನು ಮಾಡಿಹೋಗಿವೆ ಎಂಬ ಲೆಕ್ಕ ಆ ಸಾಲಿನಲ್ಲಿ ಇಲ್ಲ. ಇಂಥ ರಿಪೋರ್ಟ್ ಬರೆಯುವ ರೇಡಿಯಾಲಜಿಸ್ಟ್ ಆಗಿ ಹೇಳುತ್ತೇನೆ, ನಮ್ಮ ಭಾಷೆ ರೋಗಿಗಳಿಗಾಗಿ ಬರೆದದ್ದಲ್ಲ.

1981ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಈ ಕಾಯಿಲೆಯ 10 ಜನರಿಗೆ ಎಂಆರ್ ಸ್ಕ್ಯಾನ್ ಮಾಡಿದರು. ಸಿಟಿ ಸ್ಕ್ಯಾನಿನಲ್ಲಿ ಕಂಡಿದ್ದು 19 ಗಾಯ. ಹೊಸ ಯಂತ್ರ ಇನ್ನೂ ನೂರಕ್ಕೂ ಹೆಚ್ಚು ತೋರಿಸಿತು. ಎಂಆರ್‌ಐ ತೆಗೆಯುವ ಹಲವು ಬಗೆಯ ಚಿತ್ರಗಳಲ್ಲಿ ಟಿ2 ಎಂಬುದರಲ್ಲಿ ಈ ಗಾಯಗಳು ಬಿಳಿ ಚುಕ್ಕೆಗಳಾಗಿ ಕಾಣುತ್ತವೆ. ನಮಗೆಲ್ಲ ಅವನ್ನು ಎಣಿಸುವ ಚಟ ಹತ್ತಿತು. ರೋಗ ಪತ್ತೆ ಮಾಡಲು ಅದು ಬಹಳ ಒಳ್ಳೆಯದು. ಹಾನಿ ಅಳೆಯಲು ಸಾಲದು. ಟಿ2 ಚಿತ್ರದಲ್ಲಿ ಬಿಳಿ ಅಂದರೆ ಅಲ್ಲಿ ನೀರಿನಂಶ ಜಾಸ್ತಿ ಎಂದಷ್ಟೇ. ಬರೀ ಊತವಿದ್ದರೂ ಬಿಳಿ, ನರದ ಮೇಲಿನ ಮಯಲಿನ್ ಹೊದಿಕೆ ಹೋಗಿದ್ದರೂ ಬಿಳಿ, ಒಳಗಿನ ನರದ ಎಳೆಯೇ ತುಂಡಾಗಿದ್ದರೂ ಬಿಳಿ. ಹೊದಿಕೆ ಸ್ವಲ್ಪ ವಾಪಸ್ ಬೆಳೆದ ಜಾಗವೂ ಎಷ್ಟೋ ಸಲ ಬಿಳಿಯೇ.

ಹಾಗಾಗಿ ಅದೇ ಸ್ಕ್ಯಾನಿನ ಟಿ1 ಎಂಬ ಇನ್ನೊಂದು ಬಗೆಯ ಚಿತ್ರವನ್ನೂ ನೋಡಬೇಕು. ಬಿಳಿ ಚುಕ್ಕೆಗಳಲ್ಲಿ ಕೆಲವು ಅಲ್ಲಿ ಕಪ್ಪಾಗಿ ಕಾಣುತ್ತವೆ. ನಾವು ‘ಬ್ಲ್ಯಾಕ್ ಹೋಲ್’ ಎನ್ನುತ್ತೇವೆ. ಗಾಯ ಹೊಸದಾಗಿದ್ದರೆ ಗಾಬರಿ ಬೇಡ, ಊತ ಇಳಿದಂತೆ ಎಷ್ಟೋ ಕಪ್ಪು ಮಾಯವಾಗುತ್ತದೆ. ಆರು ತಿಂಗಳು, ವರ್ಷ ಕಳೆದರೂ ಹಾಗೇ ಉಳಿದರೆ ಅಲ್ಲಿ ನರದ ಎಳೆಗಳೇ ಹೋಗಿವೆ. ಎಳೆ ತುಂಡಾಗುವುದು ಕಾಯಿಲೆ ಹಳೆಯದಾದ ಮೇಲೆ ಎಂದು ಬಹಳ ಕಾಲ ನಂಬಿದ್ದೆವು. 1998ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ತೀರಿಕೊಂಡ ರೋಗಿಗಳ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಉರಿಯೂತ ಜೋರಾಗಿರುವ ಗಾಯಗಳಲ್ಲೂ ತುಂಡಾದ ಎಳೆಗಳು ರಾಶಿ ಸಿಕ್ಕವು. ಔಷಧಿ ಬೇಗ ಶುರು ಮಾಡಿ ಎಂದು ನ್ಯೂರಾಲಜಿಸ್ಟರು ಪೀಡಿಸುವುದು ಸುಮ್ನೆ ಅಲ್ಲ.

ಜಾಗವೂ ಮುಖ್ಯ. ನೀವು ಸಕಲೇಶಪುರದವರು, ನಿಮಗೆ ಹೇಳಬೇಕೇ? ಶಿರಾಡಿ ಘಾಟಿಯಲ್ಲಿ ಒಂದೇ ಕಡೆ ಗುಡ್ಡ ಕುಸಿದರೆ ಮಂಗಳೂರಿನ ದಾರಿ ಬಂದ್. ಬೆನ್ನುಹುರಿಯೂ ಅಂಥದ್ದೇ ಇಕ್ಕಟ್ಟಿನ ದಾರಿ. ಮೆದುಳಿನಲ್ಲಿ ಹತ್ತಾರು ಚುಕ್ಕೆ ಇದ್ದವರು ಓಡಾಡಿಕೊಂಡಿರುತ್ತಾರೆ, ಕುತ್ತಿಗೆ ಮಟ್ಟದಲ್ಲಿ ಒಂದು ಗಾಯವಾದವರು ಕೋಲು ಹಿಡಿಯುತ್ತಾರೆ. ನಿಮ್ಮ ಪತ್ರದಲ್ಲಿ ಬೆನ್ನುಹುರಿಯ ಸ್ಕ್ಯಾನಿನ ಮಾತೇ ಇಲ್ಲ. ನಡಿಗೆ ಕೆಟ್ಟಿದೆ ಅಂದರೆ ನಾನು ಮೊದಲು ಕೇಳುವುದು ಅದನ್ನೇ.

ಇನ್ನು ಕುಗ್ಗಿದ ವಿಷಯ. ಆರೋಗ್ಯವಂತರ ಮೆದುಳೂ ವರ್ಷಕ್ಕೆ ಸುಮಾರು ಶೇ 0.1ರಿಂದ 0.3ರಷ್ಟು ಕುಗ್ಗುತ್ತದೆ. ಈ ಕಾಯಿಲೆಗೆ ಔಷಧಿ ತೆಗೆದುಕೊಳ್ಳದವರಲ್ಲಿ ಅದು ಶೇ 0.5ರಿಂದ 1.3ರವರೆಗೆ ಹೋಗುತ್ತದೆ. 1,200 ಮಿಲಿ ಮೆದುಳಿನಲ್ಲಿ ಅರ್ಧ ಪರ್ಸೆಂಟ್ ಎಂದರೆ ಬರೀ 6 ಮಿಲಿ. ಯಂತ್ರ ಬದಲಾದರೆ, ಅಳತೆಯಲ್ಲಿ ಅಷ್ಟು ವ್ಯತ್ಯಾಸ ಅದರಿಂದಲೇ ಬರಬಹುದು. ಆ ದಿನ ನೀರು ಕಡಿಮೆ ಕುಡಿದಿದ್ದರೂ ಅಳತೆ ಏರುಪೇರಾಗುತ್ತದೆ. ಒಳ್ಳೆಯ ಔಷಧಿ ಶುರುವಾದ ಮೊದಲ ವರ್ಷ ಉರಿಯೂತದ ನೀರು ಇಳಿದು ಮೆದುಳು ಸಣ್ಣದಾದಂತೆ ಕಾಣುವುದೂ ಉಂಟು! ನಿಮ್ಮ ರಿಪೋರ್ಟಿನಲ್ಲಿ ಅಂಕಿ ಇಲ್ಲ, ‘ಸ್ವಲ್ಪ’ ಎಂದಿದೆ. ಅದು ಕಣ್ಣಂದಾಜು. ಎರಡು ಸೆಂಟರುಗಳ ಎರಡು ಸ್ಕ್ಯಾನ್ ಇಟ್ಟುಕೊಂಡು ಒಂದೇ ವರ್ಷದಲ್ಲಿ ಇಷ್ಟು ಕುಗ್ಗಿತು ಎಂದು ಹೇಳಲು ನಾನಂತೂ ಒಪ್ಪುವುದಿಲ್ಲ. ಪರ್ಸೆಂಟ್ ಕೇಳಿದ್ದಿರಿ, ಅದನ್ನು ಈ ಕಾಗದದಿಂದ ಯಾರೂ ಕೊಡಲಾರರು.

ಕಾಣದ ಹಾನಿಯೂ ಇದೆ ಎಂಬುದು ನಿಜ. ಮೆದುಳಿನ ಹೊರಪದರದ ಗಾಯಗಳಲ್ಲಿ ಹೆಚ್ಚಿನವು ನಮ್ಮ ಮಾಮೂಲಿ 1.5 ಮತ್ತು 3 ಟೆಸ್ಲಾ (ಅಯಸ್ಕಾಂತದ ಬಲದ ಅಳತೆ) ಯಂತ್ರಗಳ ಕಣ್ಣಿಗೆ ಬೀಳುವುದಿಲ್ಲ. ಕೂಡುವುದು, ನೆನಪು, ಯೋಚನೆಯ ವೇಗ ಇವಕ್ಕೆಲ್ಲ ಆ ಪದರವೂ ಒಳಗಿರುವ ಥಲಾಮಸ್ ಎಂಬ ಗಂಟೂ ಬೇಕು. ಕೆಲವು ಹಳೆಯ ಗಾಯಗಳ ಅಂಚಿನಲ್ಲಿ ಉರಿಯೂತ ವರ್ಷಗಟ್ಟಲೆ ಹೊಗೆಯಾಡುತ್ತಿರುತ್ತದೆ. ಹೊಸ ಚುಕ್ಕೆ ಇಲ್ಲದೆಯೂ ರೋಗಿ ನಿಧಾನವಾಗಿ ಇಳಿಯುವುದು ಹೀಗೆ.

ಈಗ ಏನು ಮಾಡಬೇಕು? ಎಲ್ಲ ಹಳೆಯ ಸ್ಕ್ಯಾನುಗಳ ಸಿ.ಡಿ. ಹುಡುಕಿ ನ್ಯೂರಾಲಜಿಸ್ಟ್ ಹತ್ತಿರ ಒಯ್ಯಿರಿ. ಫಿಲ್ಮ್ ಸಾಲದು, ಅದರಲ್ಲಿ ಅಳೆಯಲಾಗದು. ‘ದಾಳಿ ಇಲ್ಲದೆಯೇ ನಿಧಾನಕ್ಕೆ ಹೆಚ್ಚಾಗುತ್ತಿದೆ’ ಎಂದು ಇದೇ ಮಾತಿನಲ್ಲಿ ಹೇಳಿ (ದಾಳಿ ಎಂದರೆ ಲಕ್ಷಣಗಳು ಇದ್ದಕ್ಕಿದ್ದಂತೆ ಜೋರಾಗುವುದು). ಔಷಧಿ ಬದಲಿಸಬೇಕೇ ಎಂಬ ಚರ್ಚೆ ಅಲ್ಲಿಂದ ಶುರುವಾಗುತ್ತದೆ. ಕಾಲಿಗೆ ಗಡಿಯಾರ ಹಿಡಿದು 25 ಅಡಿ ನಡೆಸುವ ಪರೀಕ್ಷೆ, ಚಿಹ್ನೆಗೆ ಅಂಕಿ ಹೊಂದಿಸುವ 90 ಸೆಕೆಂಡಿನ ಪರೀಕ್ಷೆ ಮಾಡಿಸಿ. ಎರಡಕ್ಕೂ ಹೆಚ್ಚು ಖರ್ಚಿಲ್ಲ, ಎಷ್ಟೋ ಸಲ ನಮ್ಮ ಚಿತ್ರಗಳಿಗಿಂತ ಚೆನ್ನಾಗಿ ಹೇಳುತ್ತವೆ. ಥೈರಾಯ್ಡ್, ಬಿ12, ನಿದ್ದೆ, ಮನಸ್ಸಿನ ಕುಗ್ಗುವಿಕೆ, ಮೂತ್ರದ ಸೋಂಕು ಇವನ್ನೂ ನೋಡಿಸಿ. ಸುಸ್ತಿಗೆ ಇವೂ ಕಾರಣ, ಇವಕ್ಕೆ ಚಿಕಿತ್ಸೆ ಸುಲಭ. ಮುಂದಿನ ಸ್ಕ್ಯಾನ್ ಯಾವ ಸೆಂಟರಾದರೂ ಸರಿ, ಆಮೇಲೆ ಅಲ್ಲೇ, ಅದೇ ಯಂತ್ರದಲ್ಲೇ ಮುಂದುವರಿಸಿ.

ಪ್ರಶ್ನೆ: ನನಗೂ ಎಂಎಸ್ ಇದೆ, ವಯಸ್ಸು 27. ಪ್ರತಿ ಎಂಆರ್‌ಐಗೂ ಕಾಂಟ್ರಾಸ್ಟ್ ಇಂಜೆಕ್ಷನ್ ಕೊಡುತ್ತಾರೆ. ಅದು ಮೆದುಳಿನಲ್ಲೇ ಉಳಿಯುತ್ತದಂತೆ, ಹೌದಾ?
— ಶಿವಮೊಗ್ಗದ ಓದುಗಿ

ಉತ್ತರ: ಅದರಲ್ಲಿರುವ ಗ್ಯಾಡೋಲಿನಿಯಂ ಎಂಬ ಲೋಹ ತೀರಾ ಚೂರು ಉಳಿಯುತ್ತದೆ, ಹೌದು. 2014ರಲ್ಲಿ ಜಪಾನಿನ ವೈದ್ಯರು ಮೊದಲು ಗಮನಿಸಿದರು. ಅದರಿಂದ ಮೆದುಳಿಗೆ ತೊಂದರೆ ಆದದ್ದು ಇದುವರೆಗೆ ಸಾಬೀತಾಗಿಲ್ಲ. ಆದರೂ ಬೇಡದಿದ್ದಾಗ ಯಾಕೆ ಹಾಕಿಸಬೇಕು, ಅಲ್ವಾ? ರೋಗ ಮೊದಲ ಸಲ ಪತ್ತೆ ಮಾಡುವಾಗ ಇಂಜೆಕ್ಷನ್ ಉಪಯೋಗಕ್ಕೆ ಬರುತ್ತದೆ, ಕೆಲವು ವಾರಗಳ ಒಳಗಿನ ಹೊಸ ಗಾಯ ಹೊಳೆಯುತ್ತದೆ. ವರ್ಷದ ಮಾಮೂಲಿ ತಪಾಸಣೆಗೆ ಹಳೆಯ ಸ್ಕ್ಯಾನಿನ ಪಕ್ಕ ಹೊಸದನ್ನು ಇಟ್ಟು ನೋಡಿದರೆ ಸಾಮಾನ್ಯವಾಗಿ ಸಾಕು. 2021ರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಸಲಹೆಯೂ ಅದೇ. ಹಾಕಲೇಬೇಕು ಎಂದರೆ ‘ಮ್ಯಾಕ್ರೋಸೈಕ್ಲಿಕ್’ (ಲೋಹವನ್ನು ಪಂಜರದಂತೆ ಬಿಗಿಯಾಗಿ ಹಿಡಿದಿಡುವ) ಬಗೆಯದೇ ಕೊಡಿ ಎಂದು ಕೇಳಿ, ಅದು ಕಡಿಮೆ ಉಳಿಯುತ್ತದೆ. ಕಿಡ್ನಿ ತೊಂದರೆ ಇದ್ದರೆ, ಬಸುರಿ ಇರಬಹುದು ಅನ್ನಿಸಿದರೆ, ಟೇಬಲ್ ಹತ್ತುವ ಮೊದಲೇ ಹೇಳಿಬಿಡಿ.