ಒಳಾಂಗಣ ವಿನ್ಯಾಸಕ್ಕೆ ಲೈಸೆನ್ಸ್ ಬೇಕೆ?

ಪ್ರಶ್ನೆ: ಕೆಲವೆಡೆ ಇಂಟೀರಿಯರ್ ಡಿಸೈನರ್‌ಗಳಿಗೆ ಲೈಸೆನ್ಸ್ ಕಡ್ಡಾಯ, ಕೆಲವೆಡೆ ಬರೀ ನೋಂದಣಿ ಅಂತಾರೆ. ವ್ಯತ್ಯಾಸವೇನು? ಕೆಲಸ ಕೊಡುವವರು ಏನು ನೋಡಬೇಕು?

ಉತ್ತರ: ಒಂದು ಬಗೆಯ ಕಾನೂನು ಹೆಸರನ್ನಷ್ಟೇ ಕಾಯುತ್ತದೆ. ಕೆಲಸ ಯಾರಾದರೂ ಮಾಡಬಹುದು, 'ನೋಂದಾಯಿತ ಡಿಸೈನರ್' ಎಂದು ಹಾಕಿಕೊಳ್ಳಲು ಮಾತ್ರ ಅರ್ಹತೆ ಬೇಕು. ಇನ್ನೊಂದು ಬಗೆಯದು ವೃತ್ತಿಯನ್ನೇ ನಿಯಂತ್ರಿಸುತ್ತದೆ. ಅಲ್ಲಿ ಲೈಸೆನ್ಸ್ ಇಲ್ಲದೆ ಆ ಕೆಲಸ ಮಾಡುವಂತಿಲ್ಲ. ಅಮೆರಿಕದಲ್ಲಿ ಎರಡೂ ಇವೆ. ಅಲಬಾಮಾ 1982ರಲ್ಲಿ ಮೊದಲ ಬಗೆಯದನ್ನು ತಂದಿತು. ಮುಂದೆ ತಂದ ಕಠಿಣ ಕಾನೂನನ್ನು 2007ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ರದ್ದುಮಾಡಿತು. ಅಮೆರಿಕದಲ್ಲಿ ಅರ್ಹತೆಗೆ ಸಾಮಾನ್ಯವಾಗಿ ಕೇಳುವುದು ಎನ್‌ಸಿಐಡಿಕ್ಯೂ ಎಂಬ, ಇಂಟೀರಿಯರ್ ಡಿಸೈನರ್‌ಗಳ ಮೂರು ಭಾಗಗಳ ಪರೀಕ್ಷೆ. ಅದಕ್ಕೆ ಓದಿನ ಜೊತೆ ಕೆಲಸದ ಅನುಭವವೂ ಬೇಕು.

ಬಣ್ಣ, ಪರದೆ, ಸೋಫಾ ಆರಿಸಲು ಲೈಸೆನ್ಸ್ ಕೇಳುವುದು ಅತಿಯಾಯಿತು ಎಂಬುದು ನಮ್ಮ ಅಭಿಪ್ರಾಯ. ಅಪಾಯ ಇರುವುದು ಬೇರೆಡೆ. ಫಾಲ್ಸ್ ಸೀಲಿಂಗ್ ಸ್ಪ್ರಿಂಕ್ಲರ್‌ಗೆ ಅಡ್ಡ ಬಂದರೆ ನೀರು ಬೆಂಕಿಗೆ ತಲುಪುವುದಿಲ್ಲ. ಹೊಸ ಪಾರ್ಟಿಷನ್ ಎದ್ದರೆ ತುರ್ತು ಬಾಗಿಲಿನ ದಾರಿ ಉದ್ದವಾಗುತ್ತದೆ. ಬೇಗ ಹೊತ್ತಿಕೊಳ್ಳುವ ಪ್ಯಾನೆಲ್ ಕಾರಿಡಾರಿನಲ್ಲಿ ಹೊಗೆ ತುಂಬಿಸುತ್ತದೆ. ಭಾರ ಹೊತ್ತ ಗೋಡೆ ಒಡೆಯುವುದಂತೂ ಸ್ಟ್ರಕ್ಚರಲ್ ಎಂಜಿನಿಯರ್ ನೋಡದೆ ಆಗಲೇಬಾರದು.

ವೃತ್ತಿ ಸಂಘದ ಸದಸ್ಯತ್ವದ ಸರ್ಟಿಫಿಕೇಟ್ ಲೈಸೆನ್ಸ್ ಅಲ್ಲ. ನೋಂದಣಿ ಸಂಖ್ಯೆಯನ್ನು ಸರ್ಕಾರಿ ಪಟ್ಟಿಯಲ್ಲೇ ಹುಡುಕಿ, ಅವಧಿ ಮುಗಿದಿಲ್ಲವೇ ನೋಡಿ. ಪರವಾನಗಿಗೆ ಸಲ್ಲಿಸುವ ನಕ್ಷೆಗೆ ಯಾರು ಸಹಿ, ಸೀಲು ಹಾಕುತ್ತಾರೆ ಎಂಬುದನ್ನು ಮುಂಗಡ ಕೊಡುವ ಮೊದಲೇ ಒಪ್ಪಂದದಲ್ಲಿ ಬರೆಸಿ. ಸಹಿಯ ಅಧಿಕಾರವಿಲ್ಲದವರ ನಕ್ಷೆ ವಾಪಸ್ ಬಂದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.