ಮರಳುವ ಹೊತ್ತಿನ ಬಿಸಿಲು

ಕಲಬುರಗಿಯ ಓದುಗರೊಬ್ಬರು ಬರೆದಿದ್ದಾರೆ: "ಊರೊಳಗಿನ ಓಡಾಟಕ್ಕೆ ನಡೆಯಿರಿ, ಸೈಕಲ್ ತುಳಿಯಿರಿ ಎಂದು ಕಳೆದ ಸಂಚಿಕೆಯಲ್ಲಿ ಹೇಳಿದ್ದೀರಿ. ಏಪ್ರಿಲ್ ತಿಂಗಳಲ್ಲಿ ಅದು ನಮ್ಮೂರಿನಲ್ಲಿ ಸಾಧ್ಯವೇ? ಎರಡು ಕಿಲೋಮೀಟರ್ ದೂರದ ಸರ್ಕಾರಿ ಕಚೇರಿಗೆ ನಾನು ಬೇಸಿಗೆಯಲ್ಲಿ ಬೈಕ್ ಬಿಟ್ಟು ಕಾರಿನಲ್ಲೇ ಹೋಗುತ್ತೇನೆ. ಅಷ್ಟು ಸಣ್ಣ ದಾರಿಯಿಂದ ಹಾನಿಯಾದರೂ ಎಷ್ಟು?"

ನಿಮ್ಮ ಆಕ್ಷೇಪದ ಮೊದಲ ಭಾಗವನ್ನು ಒಪ್ಪುತ್ತೇನೆ. 42 ಡಿಗ್ರಿ ಬಿಸಿಲಿನಲ್ಲಿ ನಡೆಯಿರಿ ಎನ್ನುವುದು ಆರೋಗ್ಯಕ್ಕೆ ಅಪಾಯ ತರುವ ಸಲಹೆ. ಆದರೆ ಸಣ್ಣ ದಾರಿಯೆಂಬ ಕಾರಣಕ್ಕೆ ಹಾನಿಯೂ ಸಣ್ಣದು ಎಂಬ ಮಾತನ್ನು ಒಪ್ಪಲಾರೆ.

ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಲೀಟರಿಗೆ 50 ಕಿಲೋಮೀಟರ್ ಓಡುವ ಬೈಕಿಗೆ ಇದು ಕಿಲೋಮೀಟರಿಗೆ 46 ಗ್ರಾಂ ಆದರೆ, 15 ಕಿಲೋಮೀಟರ್ ಓಡುವ ಕಾರಿಗೆ 153 ಗ್ರಾಂ. ಬಿಸಿಲಿನಲ್ಲಿ ನಿಂತ ಕಾರಿನ ಒಳಗಿನ ಗಾಳಿ ಹೊರಗಿನದಕ್ಕಿಂತ ಎಷ್ಟೋ ಹೆಚ್ಚು ಕಾದಿರುವುದರಿಂದ, ಎ.ಸಿ. ಮೊದಲ ಕೆಲವು ನಿಮಿಷ ಪೂರ್ಣ ಬಲದಿಂದ ದುಡಿಯಬೇಕಾಗುತ್ತದೆ. ನಿಮ್ಮ ಎರಡು ಕಿಲೋಮೀಟರ್ ಮುಗಿಯುವುದು ಆ ನಿಮಿಷಗಳಲ್ಲೇ. ತೀವ್ರ ಸೆಕೆಯಲ್ಲಿ, ಅದರಲ್ಲೂ ಸಣ್ಣ ಪ್ರಯಾಣಗಳಲ್ಲಿ, ಎ.ಸಿ.ಯಿಂದ ಮೈಲೇಜು ಶೇ 25ಕ್ಕಿಂತಲೂ ಹೆಚ್ಚು ಕುಸಿಯಬಹುದೆಂದು ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ. ಹಾಗೆ ಕುಸಿದರೆ ಕಿಲೋಮೀಟರಿಗೆ 200 ಗ್ರಾಂ ದಾಟುತ್ತದೆ, ಅಂದರೆ ನಿಮ್ಮದೇ ಬೈಕಿನ ನಾಲ್ಕು ಪಟ್ಟಿಗೂ ಹೆಚ್ಚು.

ಇನ್ನೊಂದು ಸಂಗತಿ ನನಗೆ ಇದಕ್ಕಿಂತ ಮುಖ್ಯವೆನಿಸುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ಪದ್ಧತಿಯಿದೆ. ಇದು ಒಳ್ಳೆಯ ಕ್ರಮವೇ. ಬೆಳಗಿನ ದಾರಿ ತಂಪಾಗಿರುತ್ತದೆ, ನಡೆದೂ ಹೋಗಬಹುದು. ಆದರೆ ಮರಳಬೇಕಾದದ್ದು ನೆತ್ತಿ ಸುಡುವ ಹೊತ್ತಿನಲ್ಲಿ. ಬೆಳಿಗ್ಗೆ ನಡೆದು ಹೋದವರಿಗೆ ಮಧ್ಯಾಹ್ನ ಕಾರು ಎಲ್ಲಿಂದ ಬರಬೇಕು? ಆದ್ದರಿಂದ ಬೆಳಿಗ್ಗೆಯೇ ಕಾರು ಹೊರಡುತ್ತದೆ. ದಿನದ ಓಡಾಟ ಯಾವುದರಲ್ಲಿ ಎಂಬುದನ್ನು ತೀರ್ಮಾನಿಸುವುದು ಆ ದಿನದ ಅತಿ ಕಷ್ಟದ ದಾರಿಯೇ.

ಮಳೆಗಾಲದ ತೊಂದರೆ ಬೇರೆ ಬಗೆಯದು. ಭೀಮಾ ನದಿ ಉಕ್ಕಿ ಘತ್ತರಗಾ, ಗಾಣಗಾಪುರಗಳ ಸೇತುವೆಗಳು ಮುಳುಗಿದಾಗ ವಾಹನಗಳು ಸುತ್ತು ಬಳಸಿ ಹೋಗುತ್ತವೆ, ಎರೆಮಣ್ಣಿನ ಹಾದಿಗಳಲ್ಲಿ ಕೆಳಗಿನ ಗೇರಿನಲ್ಲೇ ತೆವಳುತ್ತವೆ. ಆದರೆ ಅದು ಕೆಲವೇ ದಿನಗಳ ಮಾತು; ಬಿಸಿಲು ತಿಂಗಳುಗಟ್ಟಲೆಯದು.

ಹೀಗಿರುವಾಗ ನಿಮ್ಮೊಬ್ಬರ ಆತ್ಮಸಾಕ್ಷಿಯ ಮೇಲೆ ಎಲ್ಲ ಭಾರ ಹೊರಿಸುವುದು ನ್ಯಾಯವಲ್ಲ. ನೀವು ಮಾಡಬಹುದಾದದ್ದು ಇಷ್ಟು: ಕಾರನ್ನು ನೆರಳಿನಲ್ಲಿ ನಿಲ್ಲಿಸಿ; ಹೊರಡುವಾಗ ಕಿಟಕಿ ತೆರೆದು ಬಿಸಿ ಗಾಳಿ ಹೋದ ಮೇಲೆ ಎ.ಸಿ. ಹಾಕಿ; ಅದೇ ದಾರಿಯ ಸಹೋದ್ಯೋಗಿಗಳನ್ನು ಜೊತೆಗೆ ಕರೆದೊಯ್ಯಿರಿ. ಉಳಿದದ್ದು ಊರಿನ ಹೊಣೆ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆ ಮಹಿಳೆಯರಿಗೆ ಬಸ್ ಟಿಕೆಟ್ಟಿನ ಖರ್ಚನ್ನು ಇಳಿಸಿತು, ಬಸ್ಸಿಗಾಗಿ ಬಿಸಿಲಿನಲ್ಲಿ ಕಾಯುವ ಕಷ್ಟವನ್ನಲ್ಲ. ಕಾದ ತಗಡಿನ ಚಾವಣಿಯ ಕೆಳಗೆ ಅರ್ಧ ಗಂಟೆ ನಿಲ್ಲಲಾರದವರು ಬಸ್ ಬಿಟ್ಟು ಆಟೊ ಹಿಡಿದರೆ ತಪ್ಪೆನ್ನಲಾಗದು. ಕಚೇರಿ ಬಿಡುವ ಹೊತ್ತಿಗೆ ಸರಿಯಾಗಿ ಹೆಚ್ಚಿನ ಬಸ್ಸುಗಳು, ನಿಲ್ದಾಣಗಳ ಪಕ್ಕದಲ್ಲಿ ಬೇವು, ಹೊಂಗೆಯ ಸಾಲು ಬೇಕು. ಗಿಡಗಳನ್ನು ಈ ಮಳೆಗಾಲದಲ್ಲೇ ನೆಟ್ಟರೂ ನೆರಳು ಕೊಡಲು ಕೆಲವು ವರ್ಷ ಹಿಡಿಯುತ್ತದೆ. ನಿಮ್ಮ ಕಚೇರಿಯ ದಾರಿಯಲ್ಲಿ ನೆರಳಿಲ್ಲದ ನಿಲ್ದಾಣಗಳು ಯಾವುವೆಂದು ಬರೆದು ಕಳುಹಿಸಿ; ಅವುಗಳನ್ನು ಪಾಲಿಕೆಯ ಗಮನಕ್ಕೆ ತರುತ್ತೇವೆ.

— ಸಂಪಾದಕ